ಬುಟ್ಟಿಯಲ್ಲಿ ಕೂರದ ಅಮ್ಮ

ನಮ್ಮ ಬೀದಿಯಲ್ಲಿ ನನಗೆ ಶ್ರವಣಕುಮಾರ ಅಂತ ಹೆಸರು ಬಿದ್ದು ಸುಮಾರು ವರ್ಷಗಳಾದವು. ಹಾಲಿನ ಬೂತಿನವರಿಂದ ಹಿಡಿದು ಮೂಲೆಮನೆ ಅಜ್ಜಿಯವರೆಗೆ ಎಲ್ಲರೂ ಒಳ್ಳೇ ಮನಸ್ಸಿನಿಂದಲೇ ಹೇಳುತ್ತಾರೆ. 'ಈಗಿನ ಕಾಲದಲ್ಲಿ ಇಂಥಾ ಮಗ ಎಲ್ ಸಿಕ್ತಾನೆ ಹೇಳಿ' ಅಂತ ಅಮ್ಮನ ಎದುರಿಗೇ ಹೊಗಳಿ ಹೋಗುತ್ತಾರೆ. ಅಮ್ಮ ಹ್ಞೂಂ ಅನ್ನುವುದಿಲ್ಲ, ಊಹ್ಞೂಂ ಅನ್ನುವುದಿಲ್ಲ. ಅವಳ ಲೆಕ್ಕದಲ್ಲಿ ನಾನು ಮಾತ್ರೆ ಡಬ್ಬಿಗೆ ಕಾವಲು ಕೂತವನು.

ಶ್ರವಣನಿಗೆ ಒಂದು ಅನುಕೂಲ ಇತ್ತು. ಅವನ ಅಪ್ಪ ಅಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ, ಕಾಣುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ತೀರ್ಥಯಾತ್ರೆ ಮಾಡಿಸಪ್ಪ ಅಂತ ಅವರೇ ಕೇಳಿದರು, ಬುಟ್ಟಿ ತಂದಿಟ್ಟಾಗ ತಾವಾಗಿಯೇ ಹತ್ತಿ ಕೂತರು. ನನ್ನಮ್ಮ ಬುಟ್ಟಿಯಲ್ಲಿ ಕೂರುವವಳಲ್ಲ. ಅವಳ ಪ್ರಕಾರ ಅವಳಿಗೆ ಏನೂ ಆಗಿಲ್ಲ. ಆಗಿರುವುದೆಲ್ಲ ಊರಿಗೆ, ನೆಂಟರಿಗೆ, ಹಾಲಿನ ಪ್ಯಾಕೆಟ್ಟಿಗೆ. ಅವಳಿಗಿರುವ ಸ್ಕಿಜೋಫ್ರೇನಿಯಾ ಅನ್ನುವ ಮನೋರೋಗದ ವಿಚಿತ್ರವೇ ಇದು. ತನಗೆ ಕಾಯಿಲೆ ಇದೆ ಅನ್ನುವ ಅರಿವನ್ನೇ ಆ ಕಾಯಿಲೆ ಎಷ್ಟೋ ಜನರಲ್ಲಿ ಮೊದಲು ತಿಂದುಹಾಕುತ್ತದೆ. 'ಇನ್‌ಸೈಟ್ ಇಲ್ಲ' ಅಂತ ಡಾಕ್ಟರು ಫೈಲಿನಲ್ಲಿ ಅರ್ಧ ಸಾಲು ಬರೆದು ಮುಗಿಸುತ್ತಾರೆ. ಆ ಅರ್ಧ ಸಾಲಿನ ಜೊತೆ ಮನೆಯಲ್ಲಿ ಸಂಸಾರ ಮಾಡಬೇಕಾದವರು ನಾವು.

ಹಾಗಾಗಿ ಇಪ್ಪತ್ತರ ಆಸುಪಾಸಿನ ಹುಡುಗನೋ ಹುಡುಗಿಯೋ ಇಂಥ ತಾಯಿಯನ್ನು ನೋಡಿಕೊಳ್ಳುವುದು ಅಂದರೆ ಅದರಲ್ಲಿ ಸೇವೆಯ ಪಾಲು ಕಡಿಮೆ, ಅಧಿಕಾರದ ಪಾಲು ಜಾಸ್ತಿ. ಅನ್ನ ಬಡಿಸಬಹುದು, ಬಟ್ಟೆ ಒಗೆಯಬಹುದು, ಅದೆಲ್ಲ ರೂಢಿಯಾಗುತ್ತದೆ. ಹೆತ್ತವಳು ಬೇಡ ಅನ್ನುತ್ತಿರುವಾಗ ಬೇಕು ಅಂತ ಸಹಿ ಹಾಕುವುದು ರೂಢಿಯಾಗುವುದಿಲ್ಲ.

ನಮ್ಮದು ತಿಪಟೂರು. ನಾನು ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಮ್ಮ ಟೈಲರ್. ಬ್ಲೌಸು, ಲಂಗ, ಸೀರೆಗೆ ಫಾಲ್ಸು, ಹಬ್ಬದ ಟೈಮಿನಲ್ಲಿ ಚಿಕ್ಕ ಹುಡುಗಿಯರ ಫ್ರಾಕು. ಶುರುವಾದದ್ದು ನಾನು ಹೈಸ್ಕೂಲಿನಲ್ಲಿದ್ದಾಗ, ಹಾಲಿನಿಂದ. ಬೆಳಗ್ಗೆ ಪ್ಯಾಕೆಟ್ ತಂದುಕೊಟ್ಟರೆ ಅಮ್ಮ ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು, ನಾಲ್ಕೂ ಮೂಲೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಹೊರಗೆ ಒಂದು ಹನಿ ತೇವ ಕಂಡರೆ ಸಾಕು, ಪ್ಯಾಕೆಟ್ ಸೀದಾ ಬಚ್ಚಲಿಗೆ. ಯಾರೋ ಸಿರಿಂಜು ಚುಚ್ಚಿ ಏನೋ ಹಾಕಿದ್ದಾರೆ ಅಂತ. ಫ್ರಿಡ್ಜಿನಿಂದ ತೆಗೆದ ಪ್ಯಾಕೆಟ್ ಬೆವರುತ್ತದಮ್ಮ ಅಂದರೆ ಅವಳ ಹತ್ತಿರ ಉತ್ತರ ಇತ್ತು: 'ಸೂಜಿ ಹಿಡ್ಕೊಂಡೇ ಬದುಕಿದೋಳು ಕಣೋ ನಾನು. ತೂತು ನಂಗ್ ಕಾಣಲ್ವಾ?'

ಈ ಮಾತಿಗೆ ನಾನು ಇವತ್ತಿಗೂ ತಿರುಗಿ ಹೇಳುವಂಥದ್ದೇನೂ ಹುಡುಕಿಕೊಂಡಿಲ್ಲ. ಭ್ರಮೆ ಅಂದರೆ ತಲೆಬುಡ ಇಲ್ಲದ ಮಾತು ಅಂದುಕೊಂಡಿರುತ್ತೇವೆ. ಅದಕ್ಕೆ ತಲೆಯೂ ಇರುತ್ತದೆ, ಬುಡವೂ ಇರುತ್ತದೆ; ಆ ಮನುಷ್ಯ ಬದುಕಿದ ಬದುಕಿನಿಂದಲೇ ಎದ್ದು ಬಂದಿರುತ್ತದೆ.

ಅಪ್ಪನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಪ್ಪ ಇದ್ದಾರೆ. ಬೇರೆ ಊರು, ಬೇರೆ ಸಂಸಾರ. ಯುಗಾದಿಗೆ ಫೋನು ಮಾಡುತ್ತಾರೆ.

ಅಜ್ಜಿ ಬದುಕಿದ್ದ ಕಾಲ ಅದು. ಮೊದಲು ದೃಷ್ಟಿ ಅಂದರು, ಆಮೇಲೆ ಗಾಳಿ ಅಂದರು, ತಾಯಿತ ಕಟ್ಟಿಸಿದರು. ಕೊನೆಗೆ ಯಾರದೋ ಮಾತು ಕೇಳಿ ಗಾಣಗಾಪುರಕ್ಕೆ ಹೊರಟೆವು. ಕಲಬುರಗಿ ಜಿಲ್ಲೆ, ಅಫಜಲಪುರ ತಾಲ್ಲೂಕು, ದತ್ತಾತ್ರೇಯನ ಸನ್ನಿಧಿ. ಮಧ್ಯಾಹ್ನದ ಮಹಾಮಂಗಳಾರತಿ ಹೊತ್ತಿಗೆ ಮೈಮೇಲೆ ಬಂದವರು ಕಂಬ ಹತ್ತುವುದು, ಕೂಗುವುದು, ಬೈಯುವುದು ಎಲ್ಲ ಅಲ್ಲಿ ನಡೆಯುತ್ತದೆ. ವಿದ್ಯಾವಂತರು ಇಂಥ ಜಾಗದ ಹೆಸರು ಎತ್ತಿದರೆ ಮೂಗು ಮುರಿಯುತ್ತಾರೆ. ನನಗೆ ಮುರಿಯಲು ಮನಸ್ಸು ಬರುವುದಿಲ್ಲ. ಅಲ್ಲಿ ಅಮ್ಮ ಒಬ್ಬಳೇ ಮಾತಾಡಿಕೊಂಡು ಕೂತಾಗ ಯಾರೂ ತಿರುಗಿ ನೋಡಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು 'ನಿಮ್ಮೋರಿಗೂ ಹಿಂಗೇ ಏನ್ರೀ?' ಅಂತ ಕೇಳಿ ತನ್ನ ರೊಟ್ಟಿ ಬುತ್ತಿ ಬಿಚ್ಚಿದಳು. ತಿಪಟೂರಿನಲ್ಲಿ ನಮ್ಮನ್ನು ಹಾಗೆ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನಷ್ಟ ಆದದ್ದು ದೇವರಿಂದ ಅಲ್ಲ, ಕಾಲದಿಂದ. ಈ ಕಾಯಿಲೆಗೆ ಔಷಧಿ ತಡವಾದಷ್ಟೂ ಗುಣ ಕಾಣುವುದು ಕಷ್ಟ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರ ಪ್ರಮಾಣ ಒಂದೊಂದು ಕಾಯಿಲೆಗೆ ಒಂದೊಂದು ಥರ, ಶೇ. 70ರಿಂದ 92ರವರೆಗೆ ಇತ್ತು. ಆ 12ರಲ್ಲಿ ಕರ್ನಾಟಕ ಇರಲಿಲ್ಲ. ಆದರೆ ಅಂಥ ಮನೆಗಳ ಸಾಲಿನಲ್ಲಿ ನಮ್ಮ ಮನೆಯೂ ಕೆಲವು ವರ್ಷ ನಿಂತಿತ್ತು.

ಅಜ್ಜಿ ಹೋದ ಮೇಲೆ ಅಮ್ಮ ಊಟ ಬಿಟ್ಟಳು. ಮನೆಯ ಪಾತ್ರೆಯೆಲ್ಲ ಬೋರಲು ಹಾಕಿ ಕೂತಳು. ಆಗ ನನಗೆ ಆಗಷ್ಟೇ ಹದಿನೆಂಟು ತುಂಬಿತ್ತು.

ಹದಿನೆಂಟು ತುಂಬಿದ್ದರಿಂದಲೇ ನಾನು ಕಾನೂನಿನ ಕಣ್ಣಿಗೆ ಬಿದ್ದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂತು. 1987ರ ಹಳೇ ಕಾಯ್ದೆಯ ಜಾಗಕ್ಕೆ ಬಂದ ಇದು ನಿಜಕ್ಕೂ ಒಳ್ಳೆಯ ಕಾಯ್ದೆ, ಓದಿ ನೋಡಿ. ಸರಪಳಿ ಹಾಕುವಂತಿಲ್ಲ, ಅರಿವಳಿಕೆ ಇಲ್ಲದೆ ಶಾಕ್ ಕೊಡುವಂತಿಲ್ಲ. ರೋಗಿಗೆ ತನ್ನ ನಿರ್ಧಾರ ತಾನೇ ಮಾಡುವ ಶಕ್ತಿ ಇದೆ ಅಂತಲೇ ಮೊದಲು ನಂಬಿಕೊಂಡು ಹೊರಡಬೇಕು. ಆ ಶಕ್ತಿ ಸದ್ಯಕ್ಕೆ ಇಲ್ಲ, ಹೆಚ್ಚಿನ ಆಸರೆ ಬೇಕು ಅಂತಾದಾಗ ಬರುವುದು 89ನೇ ಸೆಕ್ಷನ್. ರೋಗಿಯ ಪರವಾಗಿ ನಿಲ್ಲುವ 'ನಾಮನಿರ್ದೇಶಿತ ಪ್ರತಿನಿಧಿ' ಅರ್ಜಿ ಕೊಟ್ಟರೆ, ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಿದರೆ, 30 ದಿನದವರೆಗೆ ದಾಖಲು ಮಾಡಿಕೊಳ್ಳಬಹುದು. ರೋಗಿ ಹೆಂಗಸಾದರೆ ಮೂರು ದಿನದೊಳಗೆ ಪುನರ್‌ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರೋಗಿ ಯಾರನ್ನೂ ಹೆಸರಿಸಿರದಿದ್ದರೆ ಆ ಪ್ರತಿನಿಧಿಯ ಜಾಗಕ್ಕೆ ಹತ್ತಿರದ ಸಂಬಂಧಿ ಬರುತ್ತಾರೆ. ಅಮ್ಮನಿಗೆ ಉಳಿದಿದ್ದ ಹತ್ತಿರದ ಸಂಬಂಧಿ ಪಿಯುಸಿ ಮಾರ್ಕ್ಸ್ ಕಾರ್ಡು ಇಟ್ಟುಕೊಂಡು ಡಿಗ್ರಿ ಸೀಟಿಗೆ ಅಲೆಯುತ್ತಿದ್ದ.

ಬೆಂಗಳೂರಿನ ಒಂದು ಆಸ್ಪತ್ರೆ. ಹೆಸರು ಬೇಡ. ಫಾರಂ ಮುಂದೆ ಇಟ್ಟರು, ಸಹಿ ಹಾಕಿದೆ. ಅಮ್ಮ ಪಕ್ಕದ ಕುರ್ಚಿಯಲ್ಲೇ ಕೂತು ನೋಡುತ್ತಿದ್ದಳು. ಎಸ್ಸೆಸ್ಸೆಲ್ಸಿ ಅರ್ಜಿಯಲ್ಲಿ ಸಹಿ ಎಲ್ಲಿ ಹಾಕಬೇಕು ಅಂತ ಬೆರಳಿಟ್ಟು ತೋರಿಸಿದವಳು ಅವಳೇ. 'ಅಕ್ಷರ ಸೊಟ್ಟ ಆಯ್ತು ನೋಡು' ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಸಿಸ್ಟರ್ ಕೇಳಿದರು, 'ಜೊತೆಗೆ ಹೆಂಗಸರು ಯಾರಿದ್ದಾರೆ?' ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡುಹುಡುಗ ಉಳಿಯುವಂತಿಲ್ಲ, ನ್ಯಾಯವೇ. ಆದರೆ ಅಟೆಂಡರ್ ಇಲ್ಲದೆ ದಾಖಲೂ ಮಾಡಿಕೊಳ್ಳುವುದಿಲ್ಲ ಅಂದಾಗ ಏನು ಮಾಡಬೇಕು? ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಕಡೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಬಂದಳು. ಗಂಡನಿಗೆ ಏನು ಹೇಳಿ ಬಂದಳೋ ಇವತ್ತಿನವರೆಗೂ ಬಾಯಿಬಿಟ್ಟಿಲ್ಲ. ಅವಳು ಬರುವವರೆಗೆ ಆ ರಾತ್ರಿ ಅಮ್ಮ ನಾನು ಇಬ್ಬರೂ ಹೊರಗಿನ ಬೆಂಚಿನ ಮೇಲೆ. ಅಮ್ಮ ನನ್ನ ತೊಡೆಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು, ನನಗೆ ನಿದ್ದೆ ಹತ್ತಲಿಲ್ಲ.

ಮನೆಯವರು ಆಸ್ಪತ್ರೆಯಲ್ಲಿ ಜೊತೆಗಿರಬೇಕು ಅನ್ನುವ ಈ ಪದ್ಧತಿ ಎಲ್ಲಿಂದ ಬಂತು ಅಂತ ಆಮೇಲೆ ಓದಿಕೊಂಡೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನುವವರು ರೋಗಿಗಳ ಮನೆಯವರಿಗೆ ಆಸ್ಪತ್ರೆ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರಂತೆ. ಪಶ್ಚಿಮದ ದೇಶಗಳಲ್ಲಿ ರೋಗಿಗಳನ್ನು ಎತ್ತರದ ಗೋಡೆಯ ಹಿಂದೆ ವರ್ಷಗಟ್ಟಲೆ ಕೂಡಿಹಾಕುತ್ತಿದ್ದ ಕಾಲ. ಇಲ್ಲಿ ತಾಯಿ ತಂದೆ, ಅಣ್ಣ ಅತ್ತಿಗೆ ಎಲ್ಲ ಜೊತೆಗಿದ್ದು, ಕಾಯಿಲೆ ಅಂದರೇನು ಅಂತ ಕಲಿತು, ರೋಗಿಯನ್ನು ಮನೆಗೆ ಕರೆದುಕೊಂಡು ಹೋದರು. ಆ ದಾರಿಯನ್ನು ವೆಲ್ಲೂರು, ಬೆಂಗಳೂರು ಎಲ್ಲ ಹಿಡಿದವು. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು ಔಷಧಿಯನ್ನು ಹಳ್ಳಿಗೆ ಮುಟ್ಟಿಸಿದರು. 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನಗಳಲ್ಲಿ ಭಾರತದ ರೋಗಿಗಳು ಶ್ರೀಮಂತ ದೇಶದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದು ಕಂಡಾಗ, ಕಾರಣ ಹುಡುಕಿದವರಲ್ಲಿ ಎಷ್ಟೋ ಜನ ನಮ್ಮ ಕುಟುಂಬದ ಕಡೆ ಬೆರಳು ತೋರಿಸಿದರು.

ಇದನ್ನು ಓದಿದಾಗ ನನಗೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು. ಅಮೃತಸರದ ಡೇರೆಯಲ್ಲಿ ಒಬ್ಬ ರೋಗಿಗೆ ಒಂದು ಮನೆತನವೇ ಇದ್ದಿರಬೇಕು. ಒಬ್ಬರು ಸುಸ್ತಾದರೆ ಇನ್ನೊಬ್ಬರು. ಈಗ ಕುಟುಂಬ ಅಂದರೆ ಯಾರು? ನಮ್ಮ ಮನೆಯಲ್ಲಿ ನಾನು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವಾಗ ಔಷಧಿಗೆ ಸಾಲು ನಿಲ್ಲುತ್ತೇನಲ್ಲ, ಅಲ್ಲಿ ನನ್ನ ಪರಿಚಯದವರಲ್ಲಿ ಒಬ್ಬಳು ನರ್ಸಿಂಗ್ ಓದುವ ಹುಡುಗಿ, ಅವಳ ಅಪ್ಪನಿಗೆ ಬೈಪೋಲಾರ್. ಇನ್ನೊಬ್ಬ ಗಾರೆ ಕೆಲಸದವನು, ನನಗಿಂತ ಚಿಕ್ಕವನು. ಪದ್ಧತಿ ಹಾಗೇ ಉಳಿದಿದೆ, ಅದನ್ನು ಹೊರುತ್ತಿದ್ದ ಹೆಗಲುಗಳು ಕಮ್ಮಿಯಾಗಿವೆ. ಕಾಗದದಲ್ಲಿ ಇನ್ನೂ 'ಕುಟುಂಬ' ಅಂತಲೇ ಬರೆಯುತ್ತಾರೆ.

ಕಾನೂನು ನಮ್ಮನ್ನು ಮರೆತಿಲ್ಲ, ಪಾಪ. 2007ರ ಕಾಯ್ದೆಯ ಪ್ರಕಾರ ತಂದೆ ತಾಯಿಯ ಪೋಷಣೆ ಮಕ್ಕಳ ಹೊಣೆ, ನೋಡಿಕೊಳ್ಳದಿದ್ದರೆ ಜೀವನಾಂಶ ವಸೂಲಿಗೆ ನ್ಯಾಯಮಂಡಳಿ ಇದೆ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ತಾಯಂದಿರಿಗೆ ಮಕ್ಕಳ ಆರೈಕೆಗೆ ಸೇವಾವಧಿಯಲ್ಲಿ 730 ದಿನ ರಜೆ ಉಂಟು. ತಾಯಿಯ ಆರೈಕೆಗೆ ಮಕ್ಕಳಿಗೆ ಅಂಥದ್ದಿಲ್ಲ. ಮಂಡಿಯಲ್ಲಂತೂ ರಜೆಯ ಪ್ರಶ್ನೆಯೇ ಬೇರೆ, ಸಾಹುಕಾರರ ಮುಖ ನೋಡಿ ಕೇಳಬೇಕು. ಇಂಗ್ಲೆಂಡಿನಲ್ಲಿ 2014ರ ಕಾನೂನಿನಂತೆ ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಹದಿನೆಂಟರ ಕೆಳಗಿನ ಮಕ್ಕಳಿಗೆ ಏನು ನೆರವು ಬೇಕು ಅಂತ ಅಲ್ಲಿನ ಸ್ಥಳೀಯ ಆಡಳಿತವೇ ಪರಿಶೀಲಿಸಬೇಕು. ಎಷ್ಟರಮಟ್ಟಿಗೆ ಮಾಡುತ್ತಾರೋ ಅವರಿಗೇ ಗೊತ್ತು. ಆದರೆ ಅಂಥದ್ದೊಂದು ಮಗು ಇರುತ್ತದೆ ಅಂತ ಒಂದು ಕಾಗದವಾದರೂ ಒಪ್ಪಿಕೊಂಡಿದೆ.

ಔಷಧಿಯ ಕಥೆಗೆ ಬರುತ್ತೇನೆ, ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೊದಲು ಕೊಟ್ಟದ್ದು ರಿಸ್ಪೆರಿಡೋನ್. ಮಾತುಗಳು ಕಮ್ಮಿಯಾದವು. ಅಂದರೆ ಅವಳಿಗೆ ಕೇಳಿಸುತ್ತಿದ್ದ ಮಾತುಗಳು; ನೀರಿನ ಟ್ಯಾಂಕಿನ ಹತ್ತಿರ ನಾಲ್ಕು ಜನ ಹೆಂಗಸರು ಅವಳ ಬಗ್ಗೆಯೇ ಆಡಿಕೊಳ್ಳುತ್ತಿದ್ದರಂತೆ. ಎಲ್ಲರಿಗೂ ಖುಷಿ. ಡಾಕ್ಟರಿಗೆ ಖುಷಿ, ಚಿಕ್ಕಮ್ಮನಿಗೆ ಖುಷಿ, ನನಗಂತೂ ಹಬ್ಬ. ಅಮ್ಮ ಮಾತ್ರ ಮಿಷನ್ ಮುಂದೆ ಕೂತು ಏಳುತ್ತಿದ್ದಳು, ಕೂತು ಏಳುತ್ತಿದ್ದಳು. ಒಂದು ಸಂಜೆ ಪಕ್ಕದಲ್ಲಿ ನಿಂತು ನೋಡಿದೆ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಹೊಸೆಯುತ್ತಾಳೆ, ಸೂಜಿ ಕಣ್ಣಿನ ಹತ್ತಿರ ತರುತ್ತಾಳೆ, ಅಷ್ಟರಲ್ಲಿ ಕೈ ನಡುಗಿ ದಾರ ಪಕ್ಕಕ್ಕೆ ಹೋಗುತ್ತದೆ. ಮತ್ತೆ ಹೊಸೆಯುತ್ತಾಳೆ. ನಾನು ಪೋಣಿಸಿಕೊಡುತ್ತೀನಿ ಕೊಡು ಅಂದರೆ ಕೈ ತಳ್ಳಿದಳು. ಮುಂದಿನ ಸಲ ಡಾಕ್ಟರು ಎಂದಿನಂತೆ ನನ್ನ ಕಡೆ ತಿರುಗಿ 'ಹೇಗಿದ್ದಾರೆ?' ಅಂದಾಗ ಅಮ್ಮನೇ ಬಾಯಿ ಹಾಕಿದಳು: 'ಸೂಜಿಗೆ ದಾರ ಹೋಗ್ತಿಲ್ಲ ಡಾಕ್ಟ್ರೇ.' ಅವರು ಪೆನ್ನು ಕೆಳಗಿಟ್ಟು ಕೇಳಿದರು, 'ಹೊಲಿಗೆ ಮಾಡ್ತೀರಾ?' ಫೈಲು ಅಷ್ಟು ದಪ್ಪ ಇತ್ತು, ಅದರಲ್ಲಿ ಈ ಸಂಗತಿ ಒಂದೇ ಒಂದು ಕಡೆಯೂ ಇರಲಿಲ್ಲ. ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಅಂತ ಇನ್ನೊಂದು ಮಾತ್ರೆ ಬಂತು. ಅದರಿಂದ ಬಾಯಿ ಒಣಗುವುದು ಶುರುವಾಯಿತು, ಅದು ಬೇರೆ ಕಥೆ.

ಆಮೇಲೆ ಒಲಾನ್ಜಪೈನ್. ಅದರ ಹಸಿವು ಎಂಥದ್ದು ಅಂತ ನೋಡಿದವರಿಗೇ ಗೊತ್ತು. ಮಧ್ಯರಾತ್ರಿ ಅಡುಗೆಮನೆಯಲ್ಲಿ ತಣ್ಣಗಿನ ಮುದ್ದೆಯನ್ನು ಮಜ್ಜಿಗೆಗೆ ಕಿವುಚಿಕೊಂಡು ತಿನ್ನುತ್ತಿದ್ದಳು. ಅವಳು ಹೊಲಿದ ಬ್ಲೌಸುಗಳು ಅವಳಿಗೇ ಹಿಡಿಸದಾದವು. ಒಂದೊಂದನ್ನೇ ಬಿಚ್ಚಿ ಪಕ್ಕದ ಹೊಲಿಗೆ ಸಡಿಲ ಮಾಡಿಕೊಂಡಳು. ಆದರೆ ಮಾತುಗಳು ಪೂರ್ತಿ ನಿಲ್ಲಲಿಲ್ಲ.

ಎರಡು ಔಷಧಿ ಕೈಕೊಟ್ಟ ಮೇಲೆ ಕೊಡುವುದು ಕ್ಲೋಜಪೈನ್. ಇದು ಬಹಳ ಒಳ್ಳೆಯ ಔಷಧಿ, ಬಹಳ ಕಾಟದ ಔಷಧಿ. ಅಪರೂಪಕ್ಕೆ ರಕ್ತದಲ್ಲಿನ ಬಿಳಿಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಿಬಿಡುತ್ತದೆ, ಹಾಗಾಗಿ ಮೊದಲ 18 ವಾರ ವಾರವಾರವೂ ರಕ್ತ ಪರೀಕ್ಷೆ, ಅದಾದ ಮೇಲೂ ಆಗಾಗ್ಗೆ. ಯಾರೋ ವಿಷ ಹಾಕುತ್ತಿದ್ದಾರೆ ಅಂತ ನಂಬಿರುವ ಹೆಂಗಸನ್ನು ವಾರಕ್ಕೊಮ್ಮೆ ಲ್ಯಾಬಿಗೆ ಕರೆದೊಯ್ದು 'ಸೂಜಿ ಚುಚ್ಚಿಸಿಕೋ' ಅನ್ನಬೇಕು. ಇದನ್ನು ಯೋಚಿಸಿದವರು ಯಾರೋ! ಅಮ್ಮ ಒಂದು ಷರತ್ತು ಹಾಕಿದಳು: ಸಿರಿಂಜಿನ ಪೊಟ್ಟಣ ಅವಳ ಕಣ್ಣೆದುರೇ ಹರಿಯಬೇಕು, ಖಾಲಿ ಪೊಟ್ಟಣ ಅವಳ ಕೈಗೆ ಕೊಡಬೇಕು. ಲ್ಯಾಬಿನ ಹುಡುಗಿ ಒಂದು ಮಾತೂ ಆಡದೆ ಒಪ್ಪಿಕೊಂಡಳು. ಆ ಹುಡುಗಿಗೆ ನಾನು ಜೀವಮಾನವಿಡೀ ಋಣಿ. ರಾತ್ರಿ ಕ್ಲೋಜಪೈನ್‌ಗೆ ಜೊಲ್ಲು ಸುರಿಯುತ್ತದೆ, ದಿಂಬು ತೊಯ್ದು ಹೋಗುತ್ತದೆ. ಅದಕ್ಕೆ ಅಮ್ಮ ಹಳೇ ಟವೆಲಿನಿಂದ ದಿಂಬಿಗೆ ಎರಡು ಪದರದ ಕವರು ಹೊಲಿದುಕೊಂಡಿದ್ದಾಳೆ, ಅಂಚಿಗೆ ಜಿಗ್‌ಜಾಗ್ ಹಾಕಿ. ಹೊಲಿದದ್ದು ಅವಳೇ, ದಾರ ಪೋಣಿಸಿದ್ದೂ ಅವಳೇ.

ಈ ನಡುವೆ ಮಾತ್ರೆ ಬೇಡವೇ ಬೇಡ ಅಂತ ಕೂತ ದಿನಗಳಲ್ಲಿ ಚಿಕ್ಕಮ್ಮ ಸಾರಿನಲ್ಲಿ ಬೆರೆಸಿ ಕೊಟ್ಟದ್ದುಂಟು. ನಾನೂ ಕೊಟ್ಟಿದ್ದೇನೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ, ಏಕೆಂದರೆ ಆ ವಾರ ಅವಳು ಊಟ ಮಾಡಿದಳು, ನಿದ್ದೆ ಮಾಡಿದಳು. ಸರಿ ಅನ್ನಲೂ ಆಗದು. ಊಟದಲ್ಲಿ ಏನೋ ಹಾಕುತ್ತಿದ್ದಾರೆ ಅನ್ನುವುದು ಅವಳ ಭ್ರಮೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವರು ನಾವು. ಆ ವಾರ ಅವಳು ಹೇಳಿದ್ದು ಸತ್ಯವಾಗಿತ್ತು.

ಸರ್ಟಿಫಿಕೇಟಿನ ಪ್ರಸಂಗ ಹೇಳದೆ ಮುಂದೆ ಹೋಗಲಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅದನ್ನು ಅಳೆಯಲು 'ಐಡಿಯಾಸ್' ಅನ್ನುವ ಮಾಪನ ಇದೆ: ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾರಾ, ಜನರ ಜೊತೆ ಹೇಗಿರುತ್ತಾರೆ, ಮಾತುಕತೆ ಅರ್ಥವಾಗುತ್ತದಾ, ದುಡಿಯುತ್ತಾರಾ, ಕಾಯಿಲೆ ಎಷ್ಟು ವರ್ಷದ್ದು. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಯುಡಿಐಡಿ ಅನ್ನುವ ವೈಕಲ್ಯದ ಗುರುತಿನ ಕಾರ್ಡಿನ ಮೇಲೆ ಪಿಂಚಣಿ, ಬಸ್ ಪಾಸು ಇತ್ಯಾದಿಗೆ ದಾರಿ. ತೆರಿಗೆ ಕಟ್ಟುವ ಮಕ್ಕಳಿಗೆ ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ 75,000 ರೂಪಾಯಿ, ವೈಕಲ್ಯ ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತವಿದೆ. ಅವಲಂಬಿತರಲ್ಲಿ ತಂದೆ ತಾಯಿಯೂ ಸೇರುತ್ತಾರೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಲೆಕ್ಕ ಬರೆಯುವವನಾಗಿ ಹೇಳುತ್ತಿದ್ದೇನೆ.

ಅದಿರಲಿ. ಮದುವೆಗೋ ಗೃಹಪ್ರವೇಶಕ್ಕೋ ಹೋಗುವಾಗ ಅಮ್ಮನಿಗೆ ತಲೆ ಬಾಚಿ, ಒಳ್ಳೇ ಸೀರೆ ಉಡಲು ಹೇಳಿ, 'ಜಾಸ್ತಿ ಮಾತಾಡಬೇಡಮ್ಮ' ಅಂತ ಹತ್ತು ಸಲ ಹೇಳಿ ಕರೆದೊಯ್ಯುವವನು ನಾನು. ವೈಕಲ್ಯ ಅಳೆಯುವ ಮೆಡಿಕಲ್ ಬೋರ್ಡಿನ ಮುಂದೆ ಹೋಗುವ ದಿನ ಅದೇ ನಾನು, ಇವಳು ಇಷ್ಟು ಚೆನ್ನಾಗಿ ಕಾಣಬಾರದಿತ್ತು ಅಂದುಕೊಂಡೆ. ಅಮ್ಮ ಇಸ್ತ್ರಿ ಸೀರೆ ಉಟ್ಟು, ಹೂ ಮುಡಿದು ಬಂದಿದ್ದಳು. ಮೇಜಿನ ಆಚೆ ಕೂತವರೊಬ್ಬರು 'ನೋಡೋಕೆ ಚೆನ್ನಾಗೇ ಇದ್ದಾರಲ್ಲ' ಅಂದರು. ಅಮ್ಮ ನನ್ನ ಕಡೆ ತಿರುಗಿ, ನಾನು ಹೇಳಲಿಲ್ವಾ ಅನ್ನುವ ಹಾಗೆ ನೋಡಿದಳು. ಕಾರ್ಡು ಎರಡನೇ ಸಲಕ್ಕೆ ಬಂತು.

ಇನ್ನು ಮದುವೆ ಮಾತು. ಹುಡುಗಿ ಕಡೆಯವರು ಮನೆಗೆ ಬರುವ ಮುಂಚೆಯೇ ವಿಷಯ ಅವರ ಮನೆ ತಲುಪಿರುತ್ತದೆ, ತಿಪಟೂರು ಅಷ್ಟು ದೊಡ್ಡ ಊರಲ್ಲ. 'ರಕ್ತದಲ್ಲಿ ಬರುತ್ತಂತಲ್ಲ?' ಅಂತ ಕೇಳುತ್ತಾರೆ, ಕೇಳಲಿ, ಸುಳ್ಳಲ್ಲ. ಸಾಮಾನ್ಯ ಜನರಲ್ಲಿ ಈ ಕಾಯಿಲೆ ನೂರಕ್ಕೆ ಸುಮಾರು ಒಬ್ಬರಿಗೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು. ಹತ್ತು ಅನ್ನುವುದು ಹುಡುಗಿ ಅಪ್ಪನಿಗೆ ಒಂದು ಥರ ಕೇಳಿಸುತ್ತದೆ, ನನಗೆ ಇನ್ನೊಂದು ಥರ. ಉಳಿದ ತೊಂಬತ್ತರ ಬಗ್ಗೆ ಹಗಲು ಹೊತ್ತಿನಲ್ಲಿ ನನಗೆ ಪೂರ್ತಿ ನಂಬಿಕೆ ಇದೆ. ಗಂಡಸರಿಗೆ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದ ನಡುವೆ ಅಂತ ಓದಿದ ಮೇಲೆ, ರಾತ್ರಿ ಎಲ್ಲಿಂದಲೋ ಒಂದು ದನಿ ತೇಲಿ ಬಂದರೆ ಎದ್ದು ಕೂರುತ್ತಿದ್ದೆ. ಒಂದು ಸಲ ತಡೆಯಲಾರದೆ 'ಅಮ್ಮ, ಯಾರೋ ಹಾಡ್ತಿದ್ದಾರಲ್ಲ, ನಿಂಗೂ ಕೇಳಿಸ್ತಾ?' ಅಂದೆ. ಅಮ್ಮ ಕತ್ತಲಲ್ಲೇ ನಕ್ಕಳು. 'ಅಲ್ವೋ, ಹೋಗೀ ಹೋಗೀ ನನ್ನ ಕೇಳ್ತೀಯಲ್ಲೋ!' ಆಮೇಲೆ, 'ಗಣಪತಿ ಪೆಂಡಾಲಿನ ಮೈಕು ಕಣೋ, ಮಲ್ಕೋ' ಅಂದಳು.

ಕೋಪದ ವಿಷಯ ಎಲ್ಲರೂ ಮುಚ್ಚಿಡುತ್ತಾರೆ. ನನಗೆ ಕೋಪ ಬರುತ್ತದೆ. ಓದು ನಿಂತದ್ದಕ್ಕೆ, ಬೆಂಗಳೂರಿನ ಕೆಲಸ ಬಿಟ್ಟದ್ದಕ್ಕೆ, ಫೋನಿನಲ್ಲಿ ಗೆಳೆಯರ ಗೋವಾ ಫೋಟೋ ನೋಡಿದ್ದಕ್ಕೆ. ಅದಕ್ಕೂ ಶಾಸ್ತ್ರ ಉಂಟು. 1950ರ ದಶಕದಿಂದ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಅವರ ಜೊತೆಗಾರರು ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳನ್ನು ಗಮನಿಸುತ್ತಾ ಹೋದರು. ಮನೆಯಲ್ಲಿ ಚುಚ್ಚುಮಾತು, ಸಿಡುಕು, ಅತಿಯಾದ ಕಾಳಜಿ ಇದ್ದ ಕಡೆ ಕಾಯಿಲೆ ಮರುಕಳಿಸುವುದು ಹೆಚ್ಚು ಅಂತ ಕಂಡುಕೊಂಡರು. ಚಂಡೀಗಢದಲ್ಲಿ ಮಾಡಿದ ಅಧ್ಯಯನದಲ್ಲಿ ನಮ್ಮವರಲ್ಲಿ ಇದು ಲಂಡನ್ನಿನವರಿಗಿಂತ ಕಮ್ಮಿ ಕಂಡಿತು. ಕೌನ್ಸೆಲಿಂಗ್‌ನಲ್ಲಿ ಇದನ್ನು ಹೇಳಿಕೊಟ್ಟಾಗ ನನಗೆ ಅನ್ನಿಸಿದ್ದು ಒಂದೇ: ಮಾತ್ರೆ, ರಕ್ತ ಪರೀಕ್ಷೆಯ ಜೊತೆಗೆ ಈಗ ನನ್ನ ದನಿಯ ಮೇಲೂ ಒಂದು ಕಣ್ಣು. ಸಿಡುಕಿದರೂ ತಪ್ಪು, ಅತಿ ಕಾಳಜಿ ಮಾಡಿದರೂ ತಪ್ಪು. ಅವರು ಹೇಳಿದ್ದು ಸರಿಯೇ. ಆದರೆ ಸಿಡುಕು ಎಲ್ಲಿಂದ ಬರುತ್ತಿದೆ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಕೇಳಿದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನವರು. 14416 ನಂಬರು, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ. ಅಮ್ಮನ ಬಗ್ಗೆ ಕೇಳಲು ಫೋನು ಮಾಡಿದ್ದೆ. ಎಲ್ಲ ಹೇಳಿ ಮುಗಿದ ಮೇಲೆ ಆ ಕಡೆಯ ಹೆಣ್ಣುದನಿ 'ನೀವು ಊಟ ಮಾಡಿದ್ರಾ?' ಅಂದಿತು. ನನಗೆ ಗಂಟಲು ಕಟ್ಟಿತು, ಫೋನು ಇಟ್ಟುಬಿಟ್ಟೆ.

ಈಗ ಅಮ್ಮ ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಅಂದರೆ ಹಾಲು ಕಾಯಿಸುತ್ತಾಳೆ, ವಾರಕ್ಕೆ ಒಂದೆರಡು ಬ್ಲೌಸು ಹೊಲಿಯುತ್ತಾಳೆ, ಟ್ಯಾಂಕಿನ ಹೆಂಗಸರು ದೂರದಲ್ಲಿದ್ದಾರೆ, ಪೂರ್ತಿ ಹೋಗಿಲ್ಲ. ಕಾಯಿಲೆ ಇದೆ ಅಂತ ಈಗಲೂ ಒಪ್ಪುವುದಿಲ್ಲ. 'ಮಾತ್ರೆ ತಗೊಂಡ್ರೆ ನಿಂಗೆ ನಿದ್ದೆ ಬರುತ್ತಲ್ಲ, ಅದಕ್ಕೆ ತಗೋತೀನಿ' ಅನ್ನುತ್ತಾಳೆ.

ಇಂಥ ಒಳ್ಳೇ ದಿನಗಳಲ್ಲೇ ಮಾಡಬೇಕಾದ ಒಂದು ಕೆಲಸವನ್ನು 2017ರ ಆ ಕಾಯ್ದೆ ಹೇಳಿದೆ. ಮುಂಗಡ ನಿರ್ದೇಶನ. ಮುಂದೆ ಕಾಯಿಲೆ ಜೋರಾದರೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ನಿಲ್ಲಬೇಕು ಅಂತ ಬುದ್ಧಿ ತಿಳಿಯಾಗಿದ್ದಾಗ ಬರೆದಿಡುವುದು. ತುರ್ತು ಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ, ಉಳಿದಂತೆ ಡಾಕ್ಟರು ಅದರಂತೆ ನಡೆಯಬೇಕು. ಆಗದು ಅನ್ನಿಸಿದರೆ ಮಂಡಳಿಗೆ ಹೋಗಿ ಕೇಳಬೇಕು. ಈ ಕಾಯ್ದೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ನನ್ನ ಸಹಿಯ ಜಾಗಕ್ಕೆ ಅವಳ ಸಹಿ ಬರುವ ಒಂದೇ ದಾರಿ ಇದು.

ಕೂತು ಬರೆದೆವು. ಅವಳು ಹೇಳುತ್ತಾ ಹೋದಳು, ನಾನು ಮಂಡಿಯ ಹಳೇ ಲೆಡ್ಜರಿನ ಹಿಂದಿನ ಹಾಳೆಯಲ್ಲಿ ಗೀಚಿಕೊಳ್ಳುತ್ತಾ ಹೋದೆ. ರಿಸ್ಪೆರಿಡೋನ್ ಬೇಡ. ಕರೆಂಟು ಬೇಡ. ಆಟೋ ಹತ್ತಿಸುವಾಗ ಎರಡು ಕಡೆಯಿಂದ ಕೈ ಹಿಡಿಯಬಾರದು, ಒಂದು ಕಡೆ ಹಿಡಿದರೆ ಸಾಕು. ಕೂದಲು ಕತ್ತರಿಸಬಾರದು. ಊಟಕ್ಕೆ ಏನನ್ನೂ ಬೆರೆಸಬಾರದು — ಇದನ್ನು ಹೇಳುವಾಗ ನನ್ನ ಮುಖವನ್ನೇ ನೋಡಿದಳು, ನಾನು ತಲೆಯೆತ್ತದೆ ಬರೆದುಕೊಂಡೆ. ಹೊಲಿಗೆ ಮಿಷನ್ ಮಾರಬಾರದು. ಅಮ್ಮ, ಇದು ಚಿಕಿತ್ಸೆಗೆ ಬರಲ್ಲ ಅಂದೆ. 'ಬರಿ' ಅಂದಳು. ಬರೆದೆ.

ಕೊನೆಗೆ ಪ್ರತಿನಿಧಿಯ ಹೆಸರು. ನಾನು ನನ್ನ ಹೆಸರಿನ ಮೊದಲ ಅಕ್ಷರ ಬರೆದೂ ಆಗಿತ್ತು.

'ನಿನ್ನದು ಬೇಡ' ಅಂದಳು. 'ಚಿಕ್ಕಮ್ಮನ ಹೆಸರು ಹಾಕು.'

'ಯಾಕಮ್ಮ?'

'ನಿಂಗೆ ಕೋಪ ಜಾಸ್ತಿ. ಅವಳು ಕೇಳಿ ಮಾಡ್ತಾಳೆ.'

ಸ್ವಲ್ಪ ಹೊತ್ತು ನನಗೆ ಮಾತೇ ಹೊರಡಲಿಲ್ಲ. ಇಷ್ಟು ವರ್ಷ ಸಾಲು ನಿಂತವನು ನಾನು. ಆಮೇಲೆ ನನ್ನ ಅಕ್ಷರ ಹೊಡೆದುಹಾಕಿ ಚಿಕ್ಕಮ್ಮನ ಹೆಸರು ಬರೆದೆ. ಕಡೂರಿಗೆ ಫೋನು ಮಾಡಿ ಹೇಳಿದರೆ ಚಿಕ್ಕಮ್ಮ 'ಅಯ್ಯೋ, ನಂಗೆ ಕಾನೂನು ಗೀನೂನು ಏನ್ ಗೊತ್ತೋ' ಅಂತ ಗಾಬರಿಯಾದಳು, ಆದರೂ ಒಪ್ಪಿಕೊಂಡಳು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಅಮ್ಮನಿಗೆ ಫಾಲ್ಸಿನ ಬಟ್ಟೆ ಕೊಡುವ ಅಂಗಡಿಯವರು ಒಬ್ಬರು ಆಗುತ್ತಾರೆ. ಇನ್ನೊಬ್ಬರಿಗೆ ಲ್ಯಾಬಿನ ಹುಡುಗಿಯನ್ನು ಕೇಳಬೇಕು ಅಂತ ಅಮ್ಮನ ಹಟ. ಮುಂದಿನ ರಕ್ತ ಪರೀಕ್ಷೆಗೆ ಹೋದಾಗ ಅವಳೇ ಕೇಳುತ್ತಾಳಂತೆ. ನಾನು ಹೊರಗೆ ನಿಂತಿರಬೇಕಂತೆ.